ಭಾನುವಾರದ ಓದು: ಗುಯ್‌ಝಿ ಥಾಂಗ್

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಓದು ಇದೆ, ಮರೀಬೇಡಿ. ಈ ಸಲ ಚೀನಾದ ಹಳೇ ಕಷಾಯ ಗುಯ್‌ಝಿ ಥಾಂಗ್.

ಸುಮಾರು 1800 ವರ್ಷದ ಹಿಂದೆ ಚೀನಾದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಬರೆದಿಟ್ಟ ಯೋಗ, ಅಂದರೆ ಮದ್ದಿನ ಮಿಶ್ರಣ ಇದು. ಸಾಮಾನು ಐದೇ. ದಾಲ್ಚಿನ್ನಿ ಜಾತಿಯ ಮರದ ಎಳೆ ಕಡ್ಡಿ, ಪಿಯೋನಿ ಅನ್ನೋ ಹೂಗಿಡದ ಬೇರು, ಹಸಿ ಶುಂಠಿ ತಲಾ 3 ಲಿಯಾಂಗ್ (ಚೀನಾದ ಹಳೇ ತೂಕದ ಅಳತೆ). ಹುರಿದ ಅತಿಮಧುರ 2 ಲಿಯಾಂಗ್. ಜೊತೆಗೆ 12 ಒಣ ಜುಜುಬೆ, ಅಂದರೆ ನಮ್ಮ ಬೋರೆಹಣ್ಣಿನ ನೆಂಟ. 7 ಅಳತೆ ನೀರು ಸಣ್ಣ ಉರಿಯಲ್ಲಿ 3 ಅಳತೆಗೆ ಇಳಿಯಬೇಕು. ಒಂದು ಪಾಲು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಬಿಸಿ ಗಂಜಿ ಹೀರಿ, ಹೊದ್ದು ಮಲಗಬೇಕು. ಮೈ ಸಣ್ಣಗೆ ಬೆವರಬೇಕು, ನೀರು ಸುರಿದ ಹಾಗೆ ಅಲ್ಲ. ಥೇಟ್ ಅಜ್ಜಿ ಶುಂಠಿ ಕಷಾಯ ಕುಡಿಸಿ ಕಂಬಳಿ ಹೊದಿಸಿದ ಹಾಗೇ ಅಲ್ವಾ?

ನಿಜವಾದ ತಲೆನೋವು ಅಳತೆಯದ್ದು. ಝಾಂಗ್ ಬದುಕಿದ್ದ ಹಾನ್ ರಾಜವಂಶದ ಕಾಲದ ತೂಕದ ಬಟ್ಟುಗಳನ್ನು ನೋಡಿದರೆ 1 ಲಿಯಾಂಗ್ ಸುಮಾರು 14ರಿಂದ 15 ಗ್ರಾಂ. ಆದರೆ ಈಗಿನ ಎಷ್ಟೋ ಪಠ್ಯಗಳು ಬರೀ 3 ಗ್ರಾಂ ಅನ್ನುತ್ತವೆ. ಸಂಶೋಧಕರ ಜಗಳ ಇನ್ನೂ ಮುಗಿದಿಲ್ಲ. ಪ್ರಮಾಣ ಸಣ್ಣ ಮಾತಲ್ಲ: ಪಿಯೋನಿ ಬೇರನ್ನು 6 ಲಿಯಾಂಗ್‌ಗೆ ಏರಿಸಿದರೆ ಯೋಗದ ಹೆಸರೇ ಬೇರೆ, ಕೊಡುವುದು ಹೊಟ್ಟೆ ನೋವಿಗೆ.

ದಯವಿಟ್ಟು ಯಾರೂ ಮನೆಯಲ್ಲಿ ಕಾಯಿಸಿ ನೋಡಬೇಡಿ. ಅತಿಮಧುರ ಜಾಸ್ತಿಯಾದರೆ ಬಿಪಿ ಏರುತ್ತದೆ. ಸುಮ್ನೆ ಒಂದು ಅಡುಗೆಮನೆ ತಕ್ಕಡಿ ತನ್ನಿ, ಶುಂಠಿ ನಾನು ತರುತ್ತೇನೆ. 3 ಲಿಯಾಂಗ್ ಅಂದರೆ ಒಂದು ಲೆಕ್ಕದಲ್ಲಿ 9 ಗ್ರಾಂ, ಇನ್ನೊಂದರಲ್ಲಿ 45 ಗ್ರಾಂವರೆಗೆ; ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.