ಮೊದಲು ಇಪ್ಪತ್ತು ಮೀಟರಿನ ಗುಡ್ಡಕ್ಕೆ ಹಣ ಕೊಡಿ: ನ್ಯೂ ಹ್ಯಾಂಪ್‌ಶೈರ್ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಹೈಸ್ಕೂಲು ಮಕ್ಕಳ ಅಂತರಶಾಲಾ ಕ್ರೀಡೆಯಾಗಿ ಸ್ಕೀ ಜಂಪಿಂಗ್ (ಹಿಮದ ಗುಡ್ಡದಲ್ಲಿ ಜಾರಿ ಬಂದು ಗಾಳಿಯಲ್ಲಿ ದೂರಕ್ಕೆ ಹಾರುವ ಆಟ) ಉಳಿದಿರುವುದು ಇಡೀ ಅಮೆರಿಕದಲ್ಲಿ ನಮ್ಮ ರಾಜ್ಯವೊಂದರಲ್ಲೇ. ಕಾಲೇಜು ಮಟ್ಟದಲ್ಲಿ ಅಲ್ಲಿನ ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಇದನ್ನು 1980ರ ನಂತರ ಕೈಬಿಟ್ಟಿತು. ಹ್ಯಾನೋವರಿನಲ್ಲಿದ್ದ ಡಾರ್ಟ್‌ಮತ್ ಕಾಲೇಜಿನ ದೊಡ್ಡ ಜಂಪನ್ನು (ಹಾರಲು ಕಟ್ಟಿದ ಗುಡ್ಡವನ್ನು) 1993ರಲ್ಲಿ ಕೆಡವಿದರು. ಈಗ ಆಟವನ್ನು ಹೊತ್ತು ನಿಂತಿರುವುದು ಆಂಡೋವರ್, ಲೆಬನಾನ್ ಊರಿನ ಸ್ಟಾರ್ಸ್ ಹಿಲ್, ಹ್ಯಾನೋವರಿನ ಓಕ್ ಹಿಲ್‌ನಂಥ ಜಾಗಗಳು. ಶಾಲೆಗಳೂ ಊರಿನ ಕ್ಲಬ್‌ಗಳೂ ನಡೆಸುವ ಗುಡ್ಡಗಳು. ನಾನೂರು ಸದಸ್ಯರ ನಿಮ್ಮ ಸದನದಲ್ಲಿ ಇವುಗಳ ಹೆಸರೆತ್ತುವವರು ಯಾರಾದರೂ ಬೇಕು.

ಪತ್ರ ಕನ್ನಡದಲ್ಲಿದೆಯೆಂದು ಹುಬ್ಬೇರಿಸಬೇಡಿ. ನಮ್ಮ ರಾಜ್ಯದಲ್ಲಿ ಕನ್ನಡ ಮಾತಾಡುವ ಮನೆಗಳೂ ಇವೆ. “ಅಯ್ಯೋ, ಅಷ್ಟು ಎತ್ತರದಿಂದಲಾ?” ಎಂದು ಮಕ್ಕಳನ್ನು ಹಿಂದಕ್ಕೆಳೆಯುವ ಅಪ್ಪ ಅಮ್ಮಂದಿರೂ ಇದನ್ನು ಓದಲಿ.

ಆ ಎತ್ತರದ ವಿಷಯವನ್ನೇ ಮೊದಲು ಹೇಳುತ್ತೇವೆ. ಟಿವಿಯಲ್ಲಿ ಗೋಪುರ ನೋಡಿದವರು ಜಿಗಿತಗಾರ ಅಷ್ಟೂ ಎತ್ತರದಿಂದ ನೆಲಕ್ಕೆ ಬೀಳುತ್ತಾನೆಂದು ತಿಳಿಯುತ್ತಾರೆ. ಹಾಗಲ್ಲ. ಹಾರಿ ಬಿಡುವ ಟೇಕ್‌ಆಫ್ ಅಂಚು ಮೇಲ್ಮುಖವಾಗಿಲ್ಲ. ದೊಡ್ಡ ಗುಡ್ಡಗಳಲ್ಲಿ ಅದು ಸುಮಾರು 11 ಡಿಗ್ರಿ ಕೆಳಕ್ಕೇ ವಾಲಿರುತ್ತದೆ. ಅಲ್ಲಿಂದಾಚೆ ಇಳಿಜಾರೂ ಹಾರುವವನ ಜೊತೆಗೇ ಇಳಿಯುತ್ತದೆ. ನೂರು ಮೀಟರ್ ದೂರ ಹಾರಿದರೂ ಕಾಲಿಗೂ ನೆಲಕ್ಕೂ ನಡುವೆ ಇರುವುದು ಕೆಲವೇ ಮೀಟರ್. ಹತ್ತು ಮೀಟರಿನ ಮಕ್ಕಳ ಗುಡ್ಡದಲ್ಲಂತೂ (ಈ ಅಳತೆ ಸುಮಾರಾಗಿ ಹಾರುವ ದೂರದ್ದು, ಎತ್ತರದ್ದಲ್ಲ) ಅಷ್ಟೂ ಇರುವುದಿಲ್ಲ. ಪೆಟ್ಟಾಗುವುದು ಹೆಚ್ಚಾಗಿ ಇಳಿಜಾರು ಮುಗಿದು ಸಮತಟ್ಟಾಗುವ ಜಾಗಕ್ಕೆ ಹಾರಿಬಿಟ್ಟಾಗ, ಇಲ್ಲವೇ ಮೇಲ್ಮೈ ಹದಗೆಟ್ಟು ಸ್ಕೀ ಹಿಡಿದುಕೊಂಡಾಗ. ಮೊದಲನೆಯದಕ್ಕೆ ಔಷಧ ಸುಲಭ: ಜಿಗಿತಗಾರ ಕೂತು ಹೊರಡುವ ಅಡ್ಡಪಟ್ಟಿಯನ್ನು ಕೋಚ್ ಒಂದೆರಡು ಮೆಟ್ಟಿಲು ಕೆಳಗಿಳಿಸಿದರೆ ವೇಗ ತಗ್ಗುತ್ತದೆ. ನಿಮ್ಮ ನೆರವು ಬೇಕಾಗಿರುವುದು ಎರಡನೆಯದಕ್ಕೆ.

ಜನವರಿಯಲ್ಲಿ ಮಳೆ ಬಂದರೆ ಸಣ್ಣ ಗುಡ್ಡದ ಗತಿ ಏನಾಗುತ್ತದೆ ಗೊತ್ತೇ? ಮೊದಲು ಬರಿದಾಗುವುದು ಟೇಕ್‌ಆಫ್ ದಾಟಿದ ಕೂಡಲೇ ಸಿಗುವ ಉಬ್ಬು. ಗಾಳಿ ಅಲ್ಲಿನ ಹಿಮವನ್ನು ಮೊದಲೇ ತೆಳುಮಾಡಿರುತ್ತದೆ, ಮಳೆ ಉಳಿದದ್ದನ್ನು ತೊಳೆಯುತ್ತದೆ. ಹಿಮ ತಳ್ಳುವ ಯಂತ್ರಕ್ಕೆ ಆ ಕಡಿದಾದ ಇಳಿಜಾರು ಹತ್ತಲು ಹಗ್ಗದ ವಿಂಚ್ ಬೇಕು, ಸಣ್ಣ ಕ್ಲಬ್‌ಗೆ ಅದೆಲ್ಲಿಂದ ಬರಬೇಕು! ಸ್ವಯಂಸೇವಕರು ಅಡ್ಡಡ್ಡ ಹೆಜ್ಜೆಯಿಟ್ಟು ಸ್ಕೀಯಿಂದಲೇ ಹಿಮ ತುಳಿದು, ಕುಂಟೆ ಎಳೆದು, ಮೆತ್ತಗಿದ್ದರೆ ಉಪ್ಪು ಎರಚುತ್ತಾರೆ. ಉಪ್ಪು ಮೇಲ್ಪದರವನ್ನು ಕರಗಿಸುವಾಗ ಅಡಿಯ ಶಾಖ ಹೀರಿಕೊಳ್ಳುವುದರಿಂದ ಹಿಮ ಸ್ವಲ್ಪ ಹೊತ್ತು ಗಟ್ಟಿಯಾಗುತ್ತದೆ. ಮರುದಿನ ಮತ್ತೆ ಮೊದಲಿನಿಂದ. ಇನ್‌ರನ್ ಜಾಡಿನ, ಅಂದರೆ ಟೇಕ್‌ಆಫ್‌ವರೆಗೆ ಜಾರಿ ಬರುವ ದಾರಿಯ, ಪಾಡೂ ಇದೇ. ಬೆಳಿಗ್ಗೆ ಮಂಜುಗಡ್ಡೆ, ಮಧ್ಯಾಹ್ನ ಬಿಸಿಲಿಗೆ ಅಂಟು. ಒಂದೇ ಮೆಟ್ಟಿಲಿಂದ ಹೊರಟ ಇಬ್ಬರು ಮಕ್ಕಳು ಬೇರೆಬೇರೆ ವೇಗದಲ್ಲಿ ಅಂಚು ತಲುಪುತ್ತಾರೆ. ಟೇಕ್‌ಆಫ್ ಎಂದರೆ ಸಮಯದ ಲೆಕ್ಕ. ದೊಡ್ಡ ಗುಡ್ಡದಲ್ಲಿ ಗಂಟೆಗೆ 90 ಕಿ.ಮೀ. ವೇಗದವನಿಗೆ ಆರೂವರೆ ಮೀಟರಿನ ಟೇಬಲ್ (ಟೇಕ್‌ಆಫ್‌ನ ಕೊನೆಯ ನೇರ ಭಾಗ) ದಾಟಲು ಸಿಗುವುದು ಕಾಲು ಸೆಕೆಂಡು. ಮಕ್ಕಳಿಗೆ ಇನ್ನೂ ಸ್ವಲ್ಪ ಹೆಚ್ಚು ಸಿಗುತ್ತದೆ, ಆದರೆ ವೇಗವೇ ದಿನಕ್ಕೊಂದಾದರೆ ಕಾಲು ಒದೆಯುವ ಕ್ಷಣ ಮೈಗೆ ಹತ್ತುವುದು ಹೇಗೆ?

ಇದಕ್ಕೆ ಉತ್ತರ 1954ರಿಂದಲೂ ಇದೆ. ಪೂರ್ವ ಜರ್ಮನಿಯ ಹಾನ್ಸ್ ರೆನ್ನರ್ ಪ್ಲಾಸ್ಟಿಕ್ ಹಾಸು ರೂಪಿಸಿದರು. ಮಲೆನಾಡಿನ ಸೋಗೆ ಮಾಡಿನ ಹಾಗೆ, ಪ್ಲಾಸ್ಟಿಕ್ ಎಳೆಗಳ ಸಾಲುಗಳನ್ನು ಒಂದರ ಮೇಲೊಂದು ಕೆಳಮುಖವಾಗಿ ಹೊದಿಸುತ್ತಾರೆ. ಇನ್‌ರನ್‌ಗೆ ಪಿಂಗಾಣಿ ಗುಬುಟುಗಳ ಜಾಡು. ಎರಡಕ್ಕೂ ನೀರು ಹಾಯಿಸುತ್ತಲೇ ಇರಬೇಕು. ಹೊಸಬರು ಎಡವುವುದು ಇಲ್ಲೇ: ಹಾಸು ಕೊಳ್ಳಲು ಹಣ ಕೂಡಿಸಿ ನೀರಿನ ಪೈಪು ಮರೆಯುತ್ತಾರೆ. ಹಾಸು ಒಣಗಿದರೆ ಇಳಿದ ಕೂಡಲೇ ಸ್ಕೀ ಹಿಡಿಯುತ್ತದೆ, ಮೈ ಮುಂದಕ್ಕೆ ಮುಗ್ಗರಿಸುತ್ತದೆ. ಜಾರಿ ಬಿದ್ದರೆ ಚರ್ಮ ಸುಲಿಯುತ್ತದೆ. ಹಾಸು ಮುಗಿದು ಹುಲ್ಲು ಶುರುವಾಗುವ ಗೆರೆಯೂ ಅಪಾಯದ್ದೇ. ಜಂಪಿಂಗ್ ಸ್ಕೀಗೆ ಲೋಹದ ಅಂಚಿಲ್ಲ, ಕೈಯಲ್ಲಿ ಕೋಲಿಲ್ಲ, ಬೇಕೆಂದಲ್ಲಿ ತಿರುಗಿ ನಿಲ್ಲಲಾಗದು. ಆದ್ದರಿಂದ ಹುಲ್ಲನ್ನೂ ಒದ್ದೆಮಾಡಿ, ಸಾಕಷ್ಟು ಉದ್ದ ಬಿಡಬೇಕು. ಚಳಿಗಾಲದಲ್ಲಿ ಅದೇ ಹಾಸಿನ ಮೇಲೆ ಬಲೆ ಬಿಗಿದರೆ ಹಿಮ ಜಾರದೆ ಕೂರುತ್ತದೆ; ಅಡಿಯಲ್ಲಿ ಕಲ್ಲು, ಹುಲ್ಲುಗಂಟಿ ಇಲ್ಲದ್ದರಿಂದ ಕಡಿಮೆ ಹಿಮವೇ ಸಾಕು. 2022ರ ನವೆಂಬರಿನಲ್ಲಿ ಪೋಲೆಂಡಿನ ವಿಸ್ವಾದಲ್ಲಿ ವಿಶ್ವಕಪ್ ಸ್ಪರ್ಧೆಯೇ ಮಂಜುಗಡ್ಡೆಯ ಜಾಡು, ಪ್ಲಾಸ್ಟಿಕ್ ಇಳಿಜಾರಿನ ಮೇಲೆ ನಡೆಯಿತು. ಹಿಮವಿಲ್ಲದೆ ಸ್ಕೀ ಜಂಪಿಂಗ್ ಏನು ಚೆಂದ ಎನ್ನುವವರಿಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಲೆಕ್ಕ ಕೇಳುತ್ತೀರಿ, ಸರಿ. ಇಪ್ಪತ್ತು ಮೀಟರಿನ ಗುಡ್ಡದ ಇಳಿಜಾರಿಗೆ 35–40 ಮೀಟರ್ ಉದ್ದ, 5–6 ಮೀಟರ್ ಅಗಲ ಹಿಡಿದರೆ ಸುಮಾರು 200 ಚದರ ಮೀಟರ್ ಹಾಸು ಬೇಕು. ನ್ಯೂಯಾರ್ಕ್ ರಾಜ್ಯ ಲೇಕ್ ಪ್ಲಾಸಿಡ್‌ನಲ್ಲಿ ಮಾಡಿಸಿದಂತೆ ಶೀತಕ ಕೊಳವೆಗಳ ಜಾಡು ನಮಗೆ ಬೇಡ. ಅದು ವಿಶ್ವಕಪ್ ನಡೆಸುವ ಗುಡ್ಡದ ಖರ್ಚು, ಮೇಲಾಗಿ ವಿದ್ಯುತ್ ಬಿಲ್ಲಿನ ಜೀವಾವಧಿ ಸಂಬಂಧ.

ರಾಜ್ಯದ ಬಳಿ ಈಗಾಗಲೇ ಒಂದು ದೊಡ್ಡ ಜಂಪ್ ಇದೆ. ಬರ್ಲಿನ್ ಪಟ್ಟಣದ ಪಕ್ಕ, ಮಿಲನ್‌ನಲ್ಲಿ, 1930ರ ದಶಕದಲ್ಲಿ ಕಟ್ಟಿದ ನ್ಯಾನ್ಸೆನ್ ಉಕ್ಕಿನ ಗೋಪುರ. ದಶಕಗಳ ಕಾಲ ಪಾಳುಬಿದ್ದಿದ್ದ ಅದನ್ನು ಸರಿಪಡಿಸಿದ ಮೇಲೆ 2017ರಲ್ಲಿ ಸಾರಾ ಹೆಂಡ್ರಿಕ್ಸನ್ ಅಲ್ಲಿಂದ ಹಾರಿದರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಮೊದಲು ಹಾರಿದ ಮಹಿಳೆ ಅವರೇ. ಗೋಪುರಕ್ಕೆ ಗೌರವ ಸಲ್ಲಲಿ. ಆದರೆ ಅಲ್ಲಿ ಹಾರಬೇಕಾದವರು ತಯಾರಾಗುವುದು ಹತ್ತು, ಇಪ್ಪತ್ತು, ನಲವತ್ತರ ಮೆಟ್ಟಿಲು ಹತ್ತಿಯೇ. ನಡುವೆ ಒಂದು ಗಾತ್ರ ತಪ್ಪಿಹೋದರೂ ಮಗು ಹಿಂದಿನದರಲ್ಲಿ ಬೇಸತ್ತು ಆಟ ಬಿಡುತ್ತದೆ, ಇಲ್ಲವೇ ಮುಂದಿನದಕ್ಕೆ ಹೆದರಿ ಬಿಡುತ್ತದೆ. ಅಂಕದ ಪಟ್ಟಿಯೂ ಸಣ್ಣ ಗುಡ್ಡದ ಪರವೇ: ದೊಡ್ಡ ಗುಡ್ಡದಲ್ಲಿ ಹೆಚ್ಚು ಹಾರಿದ ಒಂದೊಂದು ಮೀಟರಿಗೆ 1.8 ಅಂಕ, ಇಪ್ಪತ್ತು ಮೀಟರಿನದರಲ್ಲಿ 4.8.

ಸಲಕರಣೆಗೆ ನಾವು ಕೈಚಾಚುವುದಿಲ್ಲ. ಹತ್ತು ಮೀಟರಿಗೆ ಮಾಮೂಲಿ ಆಲ್ಪೈನ್ ಸ್ಕೀ, ಬೂಟು, ಹೆಲ್ಮೆಟ್ ಸಾಕು. ಮುಂದಿನ ಹಂತದ ಹಿಮ್ಮಡಿ ಮೇಲೇಳಲು ಬಿಡುವ ಬೈಂಡಿಂಗ್ (ಬೂಟನ್ನು ಸ್ಕೀಗೆ ಬಿಗಿಯುವ ಕೊಂಡಿ), ಉದ್ದ ಸ್ಕೀ, ಫೋಮ್ ಸೂಟು ಕ್ಲಬ್‌ಗಳ ಕಪಾಟಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇರುತ್ತವೆ. 2025ರಲ್ಲಿ ಟ್ರೋಂಡ್‌ಹೈಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಿಯಮ ಮೀರಿ ಸೂಟಿಗೆ ಗಟ್ಟಿ ದಾರ ಹೊಲಿದು ಸಿಕ್ಕಿಬಿದ್ದ ನಾರ್ವೆ ತಂಡದ ತಲೆನೋವು ನಮ್ಮ ಮಟ್ಟಕ್ಕೆ ಇನ್ನೂ ಇಳಿದಿಲ್ಲ, ಪುಣ್ಯ.

ಮುಂದಿನ ಬಜೆಟ್ಟಿನಲ್ಲಿ ಸಣ್ಣ ಗುಡ್ಡಗಳಿಗೆಂದೇ ಒಂದು ಅನುದಾನ ಇಡಿಸಿ. ಹಾಸಿಲ್ಲದ ಗುಡ್ಡಗಳಿಗೆ ಮೊದಲ ಪಾಳಿ. ಅರ್ಜಿಯಲ್ಲಿ ನೀರಿನ ಮೂಲ, ಪಂಪು, ಚರಂಡಿಯ ನಕ್ಷೆ ಕಡ್ಡಾಯ. ಹಾಸು ಬಿಸಿಲಿಗೆ ಪೆಡಸಾಗಿ ಮುರಿಯುವುದರಿಂದ ವರ್ಷವರ್ಷ ಸಾಲು ಬದಲಿಸುವ ಪಾಲನ್ನು ಕ್ಲಬ್ ಹೊರಲಿ. ಇಳಿಜಾರಿನ ಮಣ್ಣು ಕೆತ್ತಿ ಹದಮಾಡುವ ಕೆಲಸ ನೆಲ ಹೆಪ್ಪುಗಟ್ಟುವ ಮುಂಚೆ ಮುಗಿಯಬೇಕು. ಜುಲೈನಲ್ಲಿ ಆರ್ಥಿಕ ವರ್ಷ ಶುರುವಾದ ಮೇಲೆ ಹಣ ಸೆಪ್ಟೆಂಬರ್ ದಾಟಿ ಕೈಗೆ ಬಂದರೆ ಕೆಲಸ ಒಂದು ವರ್ಷ ಹಿಂದೆ ಬೀಳುತ್ತದೆ. ಆದ್ದರಿಂದ ಅರ್ಜಿಗಳನ್ನು ವಸಂತದಲ್ಲೇ ಕರೆಯಿರಿ.

ಇಂತಿ,
ನ್ಯೂ ಹ್ಯಾಂಪ್‌ಶೈರಿನ ಹವ್ಯಾಸಿ ಸ್ಕೀ ಜಿಗಿತಗಾರರು