ಬೂಷ್ಟು ಹಿಡಿದ ಪಶು ಆಹಾರದ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು,
ಪಶು ಆಹಾರ ತಯಾರಿಕಾ ಕಂಪನಿ

ಇವರಿಂದ,
ಒಬ್ಬ ಹಾಲು ಉತ್ಪಾದಕಿ,
ಮದ್ದೂರು ತಾಲೂಕು, ಮಂಡ್ಯ ಜಿಲ್ಲೆ

ವಿಷಯ: ನಿಮ್ಮ ಫೀಡ್ ಮೂಟೆಯಲ್ಲಿ ಬೂಷ್ಟು ಮತ್ತು ಆ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಅನ್ನೋ ವಿಷ ಸಿಕ್ಕಿರುವುದು, ಅದೇ ಬ್ಯಾಚಿನ ಮೂಟೆಗಳು ಇನ್ನೂ ಮಾರಾಟವಾಗುತ್ತಿರುವುದು.

ಮಾನ್ಯರೇ,

ನಮ್ಮ ಮನೆಯಲ್ಲಿ ಎರಡು ಸೀಮೆ ಹಸು, ಒಂದು ಕರು ಇವೆ. ನಾಲ್ಕು ವರ್ಷದಿಂದ ನಿಮ್ಮ ಕಂಪನಿಯ ಫೀಡನ್ನೇ ಹಾಕುತ್ತಿದ್ದೇನೆ. ಇಷ್ಟು ದಿನ ಒಂದು ತಕರಾರೂ ಮಾಡಿದವಳಲ್ಲ. ಮೂಟೆಗೆ ರೇಟು ಏರಿಸಿದಾಗಲೂ ಸುಮ್ಮನೆ ಕೊಟ್ಟಿದ್ದೇನೆ. ಆದರೆ ಈ ಸಲ ಆಗಿದ್ದನ್ನು ನುಂಗಿಕೊಂಡು ಇರಲು ಆಗುವುದಿಲ್ಲ. ಫೋನಿನಲ್ಲಿ ಮೂರು ಸಲ ಹೇಳಿದ್ದಾಯಿತು. ಈಗ ಬರೆದು ಕಳಿಸುತ್ತಿದ್ದೇನೆ.

ಗಣೇಶನ ಹಬ್ಬ ಮುಗಿದ ವಾರ ನಿಮ್ಮ ಡೀಲರ್ ಅಂಗಡಿಯಿಂದ 50 ಕೆಜಿಯ ಮೂರು ಮೂಟೆ ತಂದೆವು. ಆಗ ಮಳೆ ಹಿಡಿದುಕೊಂಡಿತ್ತು. ಮೂಟೆ ಎತ್ತಿಸಲು ನಾನೇ ಗೋಡೌನ್ ಒಳಗೆ ಹೋಗಿದ್ದೆ. ಮೂಟೆಗಳನ್ನು ಬರೀ ಸಿಮೆಂಟ್ ನೆಲದ ಮೇಲೆ ಒಟ್ಟಿದ್ದರು. ಕೆಳಗೆ ಒಂದು ಹಲಗೆಯೂ ಇರಲಿಲ್ಲ. ಗೋಡೆಗೆ ಒರಗಿದ್ದ ಸಾಲಿನ ಮೂಟೆಗಳ ತಳ ಕಪ್ಪಗಾಗಿತ್ತು. ಅವತ್ತೇ ನಾನು ಬಾಯಿ ಬಿಡಬೇಕಿತ್ತು.

ಮೊದಲ ಮೂಟೆ ಬಿಚ್ಚಿದ ದಿನವೇ ನಮ್ಮ ಲಕ್ಷ್ಮಿ ಮೂಸಿ ನೋಡಿ ಮುಖ ತಿರುಗಿಸಿದಳು. ಬಕೆಟ್ ಹತ್ತಿರ ತಂದರೆ ಕತ್ತು ಇನ್ನೂ ಆಚೆಗೆ ಎಳೆದುಕೊಂಡಳು. ಥಂಡಿಗೆ ಬಾಯಿ ಕೆಟ್ಟಿರಬೇಕು ಅಂದುಕೊಂಡೆ. ಬೂಸ ಸೇರಿಸಿ, ಮೇಲೆ ಒಂದು ಹಿಡಿ ಬೆಲ್ಲ ಪುಡಿ ಮಾಡಿ ಹಾಕಿ ಕಲಸಿ ಇಟ್ಟೆ. ಆಗ ತಿಂದಳು. ಬಾಯಿಲ್ಲದ ಪ್ರಾಣಿ ಬೇಡ ಅಂತ ಹೇಳಿತ್ತು. ನಾನು ಬೆಲ್ಲ ಹಾಕಿ ತಿನ್ನಿಸಿದೆ. ಇದು ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಐದನೇ ದಿನದಿಂದ ಹಾಲು ಇಳಿಯಿತು. ಹೊತ್ತಿಗೆ ಐದು ಲೀಟರ್ ಕೊಡುತ್ತಿದ್ದವಳು ಮೂರಕ್ಕೆ ಬಂದಳು. ಮೆಲುಕು ಹಾಕುವುದು ಕಮ್ಮಿಯಾಯಿತು. ಕರು ತೆಳ್ಳಗೆ ಉಚ್ಚಿಕೊಳ್ಳುತ್ತಿತ್ತು. ಏಳನೇ ದಿನ ಎರಡನೇ ಮೂಟೆಯ ಹೊಲಿಗೆ ದಾರ ಎಳೆದೆ ನೋಡಿ, ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನ ಒಂದು ಗೇಣು ಚೆನ್ನಾಗಿಯೇ ಇತ್ತು. ಅದರ ಕೆಳಗೆ ಕೈ ಹಾಕಿದರೆ ತೆಂಗಿನಕಾಯಿ ಗಾತ್ರದ ಹೆಂಟೆಗಳು. ಒಂದನ್ನು ಮುರಿದೆ. ಒಳಗೆ ಹಳದಿ ಹಸಿರು ಬಣ್ಣದ ಪುಡಿ, ಊದಿದರೆ ಹೊಗೆಯ ಹಾಗೆ ಎದ್ದಿತು. ಫೋಟೋ ತೆಗೆದಿದ್ದೇನೆ, ಇದರ ಜೊತೆ ಕಳಿಸಿದ್ದೇನೆ.

ಅವತ್ತೇ ಡೀಲರಿಗೆ ಫೋನ್ ಮಾಡಿದೆ. ಅವರು ನಿಮ್ಮ ಕಂಪನಿಯ ಕಡೆಯವರ ನಂಬರ್ ಕೊಟ್ಟರು. ನಿಮ್ಮವರು ಹೇಳಿದ ಮಾತು ನನಗೆ ಒಂದಕ್ಷರ ಮರೆತಿಲ್ಲ. "ಗಂಟು ಗಂಟು ಇರೋದನ್ನ ತೆಗೆದುಬಿಡಿ ಅಮ್ಮ. ಮಿಕ್ಕಿದ್ದನ್ನ ಬಿಸಿಲಿಗೆ ಹಾಕಿ, ಒಳ್ಳೆ ಫೀಡ್ ಜೊತೆ ಸ್ವಲ್ಪ ಸ್ವಲ್ಪ ಕಲಸಿ ಹಾಕಿ. ಏನೂ ಆಗಲ್ಲ." ಕಂಪನಿಯವರೇ ಹೇಳಿದ ಮೇಲೆ ನಂಬದೆ ಇರೋದು ಹೇಗೆ? ಮಳೆ ಬಿಟ್ಟ ಹೊತ್ತಿನಲ್ಲಿ ಟಾರ್ಪಾಲ್ ಮೇಲೆ ಹರಡಿದೆ. ಇನ್ನೂ ಎರಡು ದಿನ ಅದನ್ನೇ ಹಾಕಿದೆ.

ಒಂಬತ್ತನೇ ದಿನ ಲಕ್ಷ್ಮಿ ಎದ್ದು ನಿಲ್ಲಲು ಕಷ್ಟಪಟ್ಟಳು. ಪಶು ಆಸ್ಪತ್ರೆಯ ಡಾಕ್ಟ್ರು ಬಂದರು. ಹಸು ನೋಡುವ ಮೊದಲೇ ಟಾರ್ಪಾಲ್ ಮೇಲಿದ್ದ ಫೀಡ್ ನೋಡಿ, "ಇದನ್ನ ಈಗಲೇ ನಿಲ್ಲಿಸಿ, ವರದಿ ಗಿರದಿ ಅಂತ ಕಾಯಬೇಡಿ" ಅಂದರು. ಬಿಸಿಲಿಗೆ ಹಾಕಿದ್ದೀನಲ್ಲ ಸಾರ್ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ನೀವು ದಯವಿಟ್ಟು ನಿಮ್ಮ ಆ ನೌಕರರಿಗೂ ತಿಳಿಸಿ. ಬಿಸಿಲಿಗೆ ಹಾಕಿದರೆ ತೇವ ಹೋಗುತ್ತದೆ, ಬೂಷ್ಟು ಬೆಳೆಯುವುದು ನಿಲ್ಲಬಹುದು. ಆದರೆ ಬೂಷ್ಟು ಆಗಲೇ ಬಿಟ್ಟಿರುವ ವಿಷ ಹಾಗೇ ಕೂತಿರುತ್ತದೆ. ಗಂಟು ತೆಗೆದು ಎಸೆದರೂ ಅಷ್ಟೇ, ಕಣ್ಣಿಗೆ ಕಾಣದ ಕಡೆಯೂ ಅದು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಒಳ್ಳೆಯ ಫೀಡ್ ಜೊತೆ ಕಲಸಿದರೆ ಒಳ್ಳೆಯದೂ ಕೆಟ್ಟಂತೆ.

ಅಷ್ಟಾದ ಮೇಲೆ ಅವರು ಕೇಳಿದರು, "ಹಾಲು ಏನು ಮಾಡ್ತಿದ್ದೀರಿ?"

ಡೇರಿಗೆ ಹಾಕ್ತಿದ್ದೀನಿ ಅಂದೆ. ಅಲ್ಲಿಯ ತನಕ ನನ್ನ ತಲೆಯಲ್ಲಿ ಹಸುವಿನ ಚಿಂತೆ ಬಿಟ್ಟು ಬೇರೆ ಇರಲಿಲ್ಲ. ಹಾಲಿನ ವಿಚಾರ ಹೊಳೆದೇ ಇರಲಿಲ್ಲ. ಈ ಬೂಷ್ಟಿನ ವಿಷದ ಒಂದು ಬಗೆ ಅಫ್ಲಾಟಾಕ್ಸಿನ್ ಬಿ1, ಹಸು ತಿಂದ ಮೇಲೆ ಅದು ಹೊಟ್ಟೆಯಲ್ಲೇ ಮುಗಿದು ಹೋಗುವುದಿಲ್ಲವಂತೆ. ಲಿವರ್‌ನಲ್ಲಿ ಅದರ ಒಂದು ಪಾಲು ಎಂ1 ಅನ್ನೋ ರೂಪಕ್ಕೆ ತಿರುಗಿ, ಒಂದು ದಿನದ ಒಳಗೇ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಡೇರಿಯಲ್ಲಿ ಪಾಶ್ಚರೀಕರಣ ಮಾಡಿದರೂ ಹೋಗುವುದಿಲ್ಲ. ಮೊಸರು ಮಾಡಿದರೆ ಮೊಸರಿಗೆ ಬರುತ್ತದೆ.

ನಮ್ಮ ಮನೆಯಲ್ಲಿ ಮಗಳ ಮಗು ಇದೆ, ಮೂರು ವರ್ಷ. ರಾತ್ರಿ ಒಂದು ಲೋಟ ಹಾಲು ಕುಡಿದೇ ಮಲಗೋದು. ಪಕ್ಕದ ಮನೆ ಬಾಣಂತಿಗೆ ದಿನಾ ಅರ್ಧ ಲೀಟರ್ ಕೊಡುತ್ತೇನೆ, ಒಳ್ಳೆ ಹಾಲು ಅಂತ ಅವರೇ ಕೇಳಿ ಈಸಿಕೊಳ್ಳುತ್ತಾರೆ. ಮಿಕ್ಕಿದ್ದೆಲ್ಲ ಕ್ಯಾನಿನಲ್ಲಿ ಊರಿನ ಹಾಲಿನ ಜೊತೆ ಸೇರಿ ಹೋಗುತ್ತದೆ. ಒಂಬತ್ತು ದಿನ ಹೋಗಿದೆ. ಡೇರಿಯಲ್ಲಿ ಫ್ಯಾಟ್ ನೋಡ್ತಾರೆ, ಕೊಬ್ಬು ಬಿಟ್ಟು ಮಿಕ್ಕ ಗಟ್ಟಿ ಅಂಶ ಅಂದರೆ ಎಸ್‌ಎನ್‌ಎಫ್ ನೋಡ್ತಾರೆ. ದಿನ ಬೆಳಗಾದರೆ ಪ್ರತಿ ಮನೆಯ ಹಾಲಿನಲ್ಲೂ ಈ ವಿಷ ನೋಡೋಕೆ ಎಲ್ಲಿ ಆಗುತ್ತದೆ?

ಡಾಕ್ಟ್ರು ಹೇಳಿದ ಹಾಗೆ ಫೀಡ್ ಪೂರ್ತಿ ನಿಲ್ಲಿಸಿದೆ. ತಿನ್ನುವುದು ನಿಂತ ಮೇಲೆ ಮೂರು ನಾಲ್ಕು ದಿನದಲ್ಲಿ ಹಾಲು ಸರಿಹೋಗುತ್ತದೆ ಅಂದರು. ಅದಕ್ಕೇ ನಾಲ್ಕು ದಿನ ಎರಡು ಹಸುವಿನ ಹಾಲನ್ನೂ ಕರೆದು ತೆಂಗಿನ ಮರದ ಬುಡಕ್ಕೆ ಸುರಿದೆ. ಕೆಚ್ಚಲಿನಿಂದ ಕರೆದ ಹಾಲನ್ನು ಮಣ್ಣಿಗೆ ಸುರಿಯುವುದು ಏನು ಅಂತ ಹಸು ಕಟ್ಟಿದವರಿಗೆ ಮಾತ್ರ ಗೊತ್ತು. ಡೇರಿ ಕಾರ್ಯದರ್ಶಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಪಕ್ಕದ ಮನೆಗೆ ಹೋಗಿ ಹೇಳುವಾಗ ತಲೆ ಎತ್ತಲು ಆಗಲಿಲ್ಲ.

ಡಾಕ್ಟ್ರ ಮಾತಿನಂತೆ ಫೀಡಿನ ಸ್ಯಾಂಪಲ್ಲನ್ನು ನಮ್ಮ ದುಡ್ಡಿನಲ್ಲೇ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿಯಲ್ಲಿ ತೇವಾಂಶ ನೂರಕ್ಕೆ 14.6 ಇದೆ. ಅಫ್ಲಾಟಾಕ್ಸಿನ್ ಬಿ1 112 ಪಿಪಿಬಿ ಇದೆ, ಅಂದರೆ ಒಂದು ಕೆಜಿ ಫೀಡಿನಲ್ಲಿ 112 ಮೈಕ್ರೋಗ್ರಾಂ. ನಿಮ್ಮ ಮೂಟೆ ಮೇಲೆ ನೀವೇ ಐಎಸ್ 2052 ಅಂತ, ಅಂದರೆ ಪಶು ಆಹಾರಕ್ಕೆ ಇರುವ ಭಾರತೀಯ ಮಾನದಂಡದ ನಂಬರ್, ಅಚ್ಚು ಹಾಕಿಸಿದ್ದೀರಿ. ಆ ಮಾನದಂಡದಲ್ಲಿ ತೇವಾಂಶ ನೂರಕ್ಕೆ 11 ದಾಟಬಾರದು, ಬಿ1 20 ಪಿಪಿಬಿ ದಾಟಬಾರದು. ವಿಷವೇ ಐದು ಪಟ್ಟಿಗಿಂತ ಜಾಸ್ತಿ ಆಯಿತು, ಅಲ್ವಾ?

ವರದಿ ಹಿಡಿದು ಡಾಕ್ಟ್ರ ಹತ್ತಿರ ಹೋದಾಗ ಔಷಧಿ ಚೀಟಿಯ ಹಿಂದೆ ಅವರು ಒಂದು ಲೆಕ್ಕ ಹಾಕಿ ತೋರಿಸಿದರು. ಹಸು ದಿನಕ್ಕೆ 4 ಕೆಜಿ ಫೀಡ್ ತಿಂದರೆ ಒಳಗೆ ಹೋಗುವ ವಿಷ 448 ಮೈಕ್ರೋಗ್ರಾಂ. ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ ಒಂದರಿಂದ ಎರಡು ಪಾಲು ಹಾಲಿಗೆ ಬರುತ್ತದೆ, ಹಾಲು ಜಾಸ್ತಿ ಕೊಡುವ ಹಸುವಿನಲ್ಲಿ ಇನ್ನೂ ಹೆಚ್ಚು. ಹತ್ತು ಲೀಟರ್ ಹಾಲಿಗೆ ಹಂಚಿದರೆ ಲೀಟರಿಗೆ 0.45ರಿಂದ 0.9 ಮೈಕ್ರೋಗ್ರಾಂ. ಹಾಲಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಹಾಲನ್ನು ನಾನು ಪರೀಕ್ಷೆ ಮಾಡಿಸಿಲ್ಲ, ಆ ದಿನಗಳ ಹಾಲು ಈಗ ಸಿಗುವುದೂ ಇಲ್ಲ. ಆದರೆ ಈ ಲೆಕ್ಕ ನೋಡಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಒಂಬತ್ತು ದಿನ ಕುಡಿದ ಮಾತ್ರಕ್ಕೆ ಮಗುವಿಗೆ ಏನೋ ಆಗಿಬಿಡುತ್ತದೆ ಅಂತ ಹೆದರಬೇಡಿ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೋದರೆ ಲಿವರಿಗೆ ಪೆಟ್ಟು, ಕ್ಯಾನ್ಸರ್ ತನಕ ಹೋಗುತ್ತದೆ ಅಂದರು ಡಾಕ್ಟ್ರು. ಹಾಗಾದರೆ ನಾಲ್ಕು ವರ್ಷದಿಂದ ತಂದ ಮೂಟೆಗಳಲ್ಲಿ ಎಷ್ಟರಲ್ಲಿ ಇದು ಇತ್ತು? ಇದಕ್ಕೆ ಉತ್ತರ ಇರೋದು ನಿಮ್ಮ ಹತ್ತಿರ ಮಾತ್ರ.

ನಿಮ್ಮ ಆಫೀಸಿನವರು ಎರಡನೇ ಸಲ ಫೋನಿನಲ್ಲಿ, "ಇದೆಲ್ಲ ಹೊಸ ವಿಷಯ ಅಮ್ಮ, ಮಳೆಗಾಲದಲ್ಲಿ ಆಗುತ್ತೆ" ಅಂದರು. ಹೊಸದೇನೂ ಅಲ್ಲ. ಈ ವಿಷ ಇದೆ ಅಂತ ಲೋಕಕ್ಕೆ ಗೊತ್ತಾಗಿದ್ದೇ ಪಶು ಆಹಾರದಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದರೆ ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಹೋದರು. ಅದೇ ಜೋಳ ತಿಂದ ಮನೆ ನಾಯಿಗಳೂ ಸತ್ತವು. 2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶದಲ್ಲೆಲ್ಲ 6,432 ಹಾಲಿನ ಸ್ಯಾಂಪಲ್ ತೆಗೆದು ನೋಡಿತು. ನೂರಕ್ಕೆ 5.7ರಲ್ಲಿ ಈ ಎಂ1 ಮಿತಿ ದಾಟಿತ್ತು. ಹಾಲಿಗೆ ನೀರು ಬೆರೆಸಿದ್ದನ್ನು ನಾವು ತಪ್ಪು ಅಂತೀವಿ. ಇದನ್ನು ಯಾವ ರೈತನೂ ಬೆರೆಸಲಿಲ್ಲ. ಇದು ಮೇವು, ಹಿಂಡಿ, ಫೀಡಿನ ದಾರಿಯಲ್ಲಿ ಬಂತು.

ನನ್ನ ತವರು ಪಾವಗಡದ ಕಡೆ, ಕಡಲೆಕಾಯಿ ಬೆಳೆಯುವ ಸೀಮೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈ ಕೊಟ್ಟರೆ ನೆಲದೊಳಗೇ ಕಾಯಿಗೆ ಬೂಷ್ಟು ಹತ್ತುತ್ತದೆ. ನಮ್ಮಮ್ಮ ಬೀಜ ಬಿಡಿಸುವಾಗ ಸುಕ್ಕಿದ್ದು, ಬಣ್ಣ ಕೆಟ್ಟದ್ದು, ಕಹಿ ಬೀಜ ಎಲ್ಲ ಮೊರದಲ್ಲಿ ಬೇರೆ ಮಾಡಿ ತಿಪ್ಪೆಗೆ ಸುರಿಯುತ್ತಿದ್ದರು. ದನಕ್ಕೂ ಹಾಕಬಾರದು ಅನ್ನುತ್ತಿದ್ದರು. ಈಗ ಹಾಗೆ ಆರಿಸಿ ತೆಗೆದ ಬೀಜವನ್ನೂ ಗಾಣಕ್ಕೆ ಕಮ್ಮಿ ರೇಟಿಗೆ ಕೊಂಡುಕೊಳ್ಳುತ್ತಾರೆ. ಎಣ್ಣೆ ಬೇರೆಯಾಗುತ್ತದೆ, ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಓದು ಬರಹ ಇಲ್ಲದ ನಮ್ಮಮ್ಮ ಮೊರದಲ್ಲಿ ಮಾಡುತ್ತಿದ್ದ ಕೆಲಸವನ್ನು ಇಷ್ಟು ದೊಡ್ಡ ಫ್ಯಾಕ್ಟರಿ ಮಾಡಲಿ ಅನ್ನೋದು ಜಾಸ್ತಿಯಾಯಿತೇ?

ಮೂರನೇ ಸಲ ಫೋನ್ ಮಾಡಿದಾಗ, ನೀವೇ ಮನೆಯಲ್ಲಿ ಸರಿಯಾಗಿ ಇಟ್ಟುಕೊಂಡಿಲ್ಲ ಅಂದರು. ನಮ್ಮ ಮೂಟೆ ಇರೋದು ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ. ಒಂದು ವಾರದ ಒಳಗೆ ತೆಂಗಿನಕಾಯಿ ಗಾತ್ರದ ಹೆಂಟೆ ಕಟ್ಟಿತು ಅಂದರೆ ನಾನು ನಂಬಲಾರೆ, ಅದೂ ಹೊಲಿಗೆ ಬಿಚ್ಚದ ಮೂಟೆಯ ನಡುವೆ. ಬೇಕಾದರೆ ಬಂದು ನೋಡಿ. ಕೊನೆಗೆ ಎರಡು ಮೂಟೆ ಬದಲಿ ಕೊಡ್ತೀವಿ, ವಿಷಯ ಇಲ್ಲಿಗೇ ಬಿಡಿ ಅಂದರು. ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ನನ್ನ ಮೂಟೆ ಬದಲಾಯಿಸಿದರೆ ಅದೇ ಗೋಡೌನಿನಿಂದ ಬೇರೆಯವರ ಮನೆಗೆ ಹೋದ ಮೂಟೆಗಳ ಗತಿ ಏನು? ಮೊನ್ನೆ ಸೋಮವಾರ ಕೂಡ ಅದೇ ಬ್ಯಾಚ್ ನಂಬರಿನ ಮೂಟೆ ಅಲ್ಲಿ ಮಾರುತ್ತಿದ್ದರು, ನಾನೇ ನೋಡಿ ಬಂದಿದ್ದೇನೆ.

ಆದ್ದರಿಂದ ಮೊದಲು ಆ ಬ್ಯಾಚನ್ನು ಎಲ್ಲ ಡೀಲರ್‌ಗಳ ಹತ್ತಿರದಿಂದ ವಾಪಸ್ ತರಿಸಿ. ಈಗಾಗಲೇ ಕೊಂಡವರಿಗೆ ಹಾಲಿನ ಡೇರಿಗಳ ಮೂಲಕ ತಿಳಿಸಿ. ಡೇರಿ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದರೆ ಸಾಕು, ಬೆಳಗ್ಗೆ ಹಾಲು ಹಾಕಲು ಬರುವವರೆಲ್ಲ ಓದುತ್ತಾರೆ. ಆ ಬ್ಯಾಚ್ ತಯಾರಾದಾಗ ನೀವು ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಿದ್ದರೆ ಆ ವರದಿಯ ಪ್ರತಿ ನನಗೆ ಕೊಡಿ. ಮಾಡಿಸಿಲ್ಲವಾದರೆ ಮಾಡಿಸಿಲ್ಲ ಅಂತಲೇ ಬರೆದು ಕೊಡಿ. ಬೂಷ್ಟು ಹಿಡಿದ ಫೀಡನ್ನು ಬಿಸಿಲಿಗೆ ಹಾಕಿ ತಿನ್ನಿಸಿ ಅಂತ ಇನ್ನು ಮುಂದೆ ನಿಮ್ಮವರು ಒಬ್ಬ ರೈತನಿಗೂ ಹೇಳಬಾರದು. ಮೂರು ಮೂಟೆಯ ದುಡ್ಡು, ಡಾಕ್ಟ್ರ ಮತ್ತು ಔಷಧಿ ಖರ್ಚು, ಪ್ರಯೋಗಾಲಯದ ಶುಲ್ಕ, ಸುರಿದ ನಾಲ್ಕು ದಿನದ ಹಾಲು, ಇಳಿದುಹೋದ ಹಾಲು, ಇಷ್ಟರ ಲೆಕ್ಕ ರಸೀದಿ ಸಮೇತ ಇಟ್ಟಿದ್ದೇನೆ. ಲಕ್ಷ್ಮಿ ಈಗ ಎದ್ದು ಓಡಾಡುತ್ತಿದ್ದಾಳೆ. ಹಾಲು ಇನ್ನೂ ಮೊದಲಿನಷ್ಟು ಬಂದಿಲ್ಲ. ಕರು ಚೇತರಿಸಿಕೊಳ್ಳುತ್ತಿದೆ.

ಹದಿನೈದು ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಪಶುಪಾಲನಾ ಇಲಾಖೆಗೂ ಈ ಪತ್ರದ ಪ್ರತಿ ಕಳಿಸಿದ್ದೇನೆ.

ಎರಡನೇ ಮೂಟೆಯಲ್ಲಿ ಉಳಿದ ಸುಮಾರು 30 ಕೆಜಿ, ಹೊಲಿಗೆ ಬಿಚ್ಚದ ಮೂರನೇ ಮೂಟೆ, ಎರಡನ್ನೂ ಕೊಟ್ಟಿಗೆಯಿಂದ ದೂರ, ಕೋಳಿಗೂ ಸಿಗದ ಹಾಗೆ ಕಟ್ಟಿ ಇಟ್ಟಿದ್ದೇನೆ. ನಿಮ್ಮವರು ಬಂದು ನನ್ನ ಎದುರಿಗೇ ಸ್ಯಾಂಪಲ್ ತೆಗೆದು ಮೊಹರು ಹಾಕಲಿ. ಬರುವ ಮೊದಲು ಫೋನ್ ಮಾಡಿ. ಬೆಳಗ್ಗೆ ಎಂಟರ ತನಕ ಮತ್ತು ಸಂಜೆ ಐದರ ಮೇಲೆ ಹಾಲು ಕರೆಯುವ ಹೊತ್ತು, ಮಿಕ್ಕಂತೆ ಮನೆಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗೆ ಇಟ್ಟಿರುವುದು: ಮೂಟೆಯ ಫೋಟೋಗಳು, ಬ್ಯಾಚ್ ನಂಬರ್ ಇರುವ ಲೇಬಲ್, ಡೀಲರ್ ಬಿಲ್, ಪ್ರಯೋಗಾಲಯದ ವರದಿ, ಔಷಧಿ ಚೀಟಿ (ಹಿಂಬದಿಯ ಲೆಕ್ಕದ ಸಮೇತ).