ಹೆಸರು ಗೊತ್ತಿಲ್ಲದ ಇಬ್ಬರಿಗೆ ಮೊದಲ ನಮಸ್ಕಾರ

ಪುಣೆಯ ನಮ್ಮ ಕನ್ನಡ ಸಂಶೋಧಕರ ಬಳಗದ ಪೇಪರ್ ಎರಡು ಸುತ್ತು ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ತಜ್ಞರ ಪರಿಶೀಲನೆ, ದಾಟಿ ಜರ್ನಲ್ಲಿನಲ್ಲಿ ಪ್ರಕಟಣೆಗೆ ಸ್ವೀಕೃತವಾಗಿದೆ. ಮೊದಲ ನಮಸ್ಕಾರ, ಯಾರೆಂದು ನಮಗೆ ತಿಳಿಯದ ಇಬ್ಬರು ರಿವ್ಯೂವರ್‌ಗಳಿಗೆ. ಈ ಕೆಲಸಕ್ಕೆ ಅವರಿಗೆ ಸಂಭಾವನೆಯಿಲ್ಲ, ಅಚ್ಚಾದ ಲೇಖನದಲ್ಲಿ ಹೆಸರೂ ಇರುವುದಿಲ್ಲ. ಆದರೂ ಎರಡನೆಯವರು ಆರು ಪುಟ ಬರೆದು ಕಳಿಸಿದರು. ‘ಕೋಷ್ಟಕ 3ರಲ್ಲಿ ಮನೆಗಳು 146, ಸಾಲು 212ರಲ್ಲಿ 164. ಯಾವುದು ಸರಿ?’ ನಾಲ್ವರು ಲೇಖಕರು ಹತ್ತಾರು ಸಲ ಓದಿಯೂ ಕಣ್ಣಿಗೆ ಬೀಳದ ಅಂಕಿ ಅದು.

ಎಡಿಟರ್ ಅವರಿಗೂ ನಾವು ಋಣಿಗಳು. ರಿವ್ಯೂವರ್‌ಗಳು ಕೊಡುವುದು ಸಲಹೆ ಮಾತ್ರ, ತೀರ್ಮಾನ ಎಡಿಟರ್ ಅವರದು. ಒಬ್ಬರು ಮೈನರ್ ರಿವಿಷನ್ (ಸಣ್ಣ ತಿದ್ದುಪಡಿ) ಸಾಕೆಂದೂ ಇನ್ನೊಬ್ಬರು ರಿಜೆಕ್ಟ್ ಮಾಡಿ ಎಂದೂ ಬರೆದಾಗ ಅವರು ಎರಡನ್ನೂ ತೂಗಿ ಮೇಜರ್ ರಿವಿಷನ್ (ದೊಡ್ಡ ತಿದ್ದುಪಡಿ) ಕೊಟ್ಟರು. ಯಾವ ಆಕ್ಷೇಪಕ್ಕೆ ಉತ್ತರ ಸಿಗದೆ ಪೇಪರ್ ಮುಂದೆ ಹೋಗದು ಎಂಬುದನ್ನೂ ಬಿಡಿಸಿ ಹೇಳಿದರು. ಜರ್ನಲ್ಲಿನ ವೆಬ್‌ಸೈಟ್ ‘ಅಂಡರ್ ರಿವ್ಯೂ’ (ಪರಿಶೀಲನೆಯಲ್ಲಿದೆ) ಎಂದು ತಿಂಗಳುಗಟ್ಟಲೆ ತೋರಿಸುತ್ತಿದ್ದರೆ ಪೇಪರ್ ಮೂಲೆಗೆ ಬಿದ್ದಿದೆ ಎಂದುಕೊಳ್ಳಬೇಡಿ. ರಿವ್ಯೂ ಮಾಡಿಕೊಡಿ ಎಂದು ಎಡಿಟರ್ ಕೇಳಿದವರಲ್ಲಿ ಹಲವರು ಬಿಡುವಿಲ್ಲ ಎನ್ನುತ್ತಾರೆ, ಕೆಲವರು ಉತ್ತರಿಸುವುದೇ ಇಲ್ಲ. ಪ್ರತಿ ಸಲವೂ ಹೊಸಬರನ್ನು ಹುಡುಕಬೇಕು. ಮೂರು ತಿಂಗಳಾದ ಮೇಲೆ ಹಸ್ತಪ್ರತಿಯ ಸಂಖ್ಯೆ ಹಾಕಿ ಎರಡು ಸಾಲಿನ ಮೇಲ್‌ನಲ್ಲಿ ವಿಚಾರಿಸಿದರೆ ತಪ್ಪೇನಿಲ್ಲ.

ನಮ್ಮ ಗ್ರಂಥಾಲಯದ ಮೇಡಂ ಇಲ್ಲದಿದ್ದರೆ ಪೇಪರ್ ಬಾಗಿಲಿನಿಂದಲೇ ವಾಪಸಾಗುತ್ತಿತ್ತು. ಲೇಖಕರಿಗೂ ರಿವ್ಯೂವರ್‌ಗಳಿಗೂ ಪರಸ್ಪರ ಹೆಸರು ತಿಳಿಯದ ಡಬಲ್ ಬ್ಲೈಂಡ್ ಪದ್ಧತಿಯಲ್ಲಿ ಮೊದಲ ಪುಟದ ಹೆಸರು ತೆಗೆದರೆ ಸಾಲದು. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ, ಕಾಮೆಂಟ್‌ಗಳಲ್ಲಿ ಹೆಸರು ಉಳಿದಿರುತ್ತದೆ. ‘ನಮ್ಮ ಹಿಂದಿನ ಅಧ್ಯಯನದಲ್ಲಿ’ ಎಂಬ ಒಂದು ಮಾತೇ ಗುಟ್ಟು ಬಿಟ್ಟುಕೊಡುತ್ತದೆ. ಕೃತಜ್ಞತೆ, ಅನುದಾನದ ಸಾಲುಗಳು ಬೇರೆ ಟೈಟಲ್ ಪೇಜ್ ಫೈಲಿಗೆ ಹೋಗಬೇಕು. ‘ಹಣ ಕಟ್ಟಿ, ನಾಲ್ಕು ದಿನದಲ್ಲಿ ಪ್ರಕಟಿಸುತ್ತೇವೆ’ ಎನ್ನುವ ಮೇಲ್‌ಗಳಿಗೆ ನಾವು ಮರುಳಾಗದಂತೆ ತಡೆದವರೂ ಅವರೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಂಬಲರ್ಹ ಜರ್ನಲ್‌ಗಳ ಪಟ್ಟಿಯಾದ ಯುಜಿಸಿ-ಕೇರ್‌ನ ಕೆಲಸ ನಡೆಯುತ್ತಿದ್ದುದು ಇದೇ ಊರಿನ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸಿತು. ಇನ್ನು ಜರ್ನಲ್ಲಿನ ಸಂಪಾದಕ ಮಂಡಳಿ, ಹಳೆಯ ಸಂಚಿಕೆ, ಶುಲ್ಕದ ವಿವರ ಎಲ್ಲವನ್ನೂ ಲೇಖಕರೇ ಕೂತು ನೋಡಬೇಕು.

ರಿವ್ಯೂವರ್‌ಗಳ ಆಕ್ಷೇಪಗಳಿಗೆ ಉತ್ತರಿಸುವ ರೆಸ್ಪಾನ್ಸ್ ಲೆಟರ್ ಬರೆಯಲು ಕಲಿಸಿದ ಬಳಗದ ಹಿರಿಯ ಅಕ್ಕನಿಗೆ ಎಷ್ಟು ಹೇಳಿದರೂ ಕಡಿಮೆಯೇ. ಪ್ರತಿ ಆಕ್ಷೇಪವನ್ನೂ ಅಕ್ಷರ ಬಿಡದೆ ನಕಲಿಸಿ 1.1, 1.2, 2.1 ಎಂದು ಸಂಖ್ಯೆ ಹಾಕಿ, ಕೆಳಗೆ ಉತ್ತರ, ಅದರ ಕೆಳಗೆ ಬದಲಾದ ವಾಕ್ಯ, ಜೊತೆಗೆ ಪುಟ ಮತ್ತು ಸಾಲು. ಬರೀ ‘ಸರಿಪಡಿಸಲಾಗಿದೆ’ ಎಂದರೆ ರಿವ್ಯೂವರ್ ಇಡೀ ಪೇಪರ್ ತಡಕಾಡಬೇಕಾಗುತ್ತದೆ. ಸಾಲಿನ ಸಂಖ್ಯೆ ಹಳೆಯ ಪ್ರತಿಯದಲ್ಲ, ತಿದ್ದಿದ ಪ್ರತಿಯದು. ಹೆಚ್ಚು ಜನ ಎಡವುವುದು ಇಲ್ಲೇ. ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಬರೆಯಬಹುದು, ಕಾರಣ ಮತ್ತು ದತ್ತಾಂಶ ಜೊತೆಗಿರಬೇಕು. ರಿವ್ಯೂವರ್ ತಪ್ಪಾಗಿ ಅರ್ಥಮಾಡಿಕೊಂಡಿದ್ದಾರೆ ಅನ್ನಿಸಿದಾಗಲೂ ‘ನಮ್ಮ ವಾಕ್ಯ ಸ್ಪಷ್ಟವಾಗಿರಲಿಲ್ಲ’ ಎಂದು ಅದನ್ನು ತಿದ್ದಿಸಿದರು ಅಕ್ಕ. ಬಹುಪಾಲು ಅದೇ ನಿಜವಾಗಿತ್ತು. ತಿದ್ದುಪಡಿಗಳು ಎದ್ದು ಕಾಣುವ ಟ್ರ್ಯಾಕ್ ಚೇಂಜಸ್ ಇರುವ ಪ್ರತಿ ಒಂದು, ಶುದ್ಧ ಪ್ರತಿ ಒಂದು ಕಳಿಸಿದೆವು. ಹೆಚ್ಚು ಸಮಯ ಬೇಕಿದ್ದರೆ ಗಡುವು ಮುಗಿಯುವ ಮೊದಲೇ ಕೇಳಬೇಕೆಂದವರೂ ಅವರೇ.

ಸರಾಸರಿಗಳ ಜೊತೆ ಕಾನ್ಫಿಡೆನ್ಸ್ ಇಂಟರ್ವಲ್ (ಸರಾಸರಿ ಎಷ್ಟರಿಂದ ಎಷ್ಟರೊಳಗೆ ಇರಬಹುದೆಂಬ ಅಂದಾಜು) ಕೊಡಿ ಎಂದು ರಿವ್ಯೂವರ್ ಕೇಳಿದಾಗ ಎರಡು ಭಾನುವಾರ ನಮ್ಮೊಡನೆ ಕೂತ ಸಂಖ್ಯಾಶಾಸ್ತ್ರದ ಸರ್‌ಗೆ ವಂದನೆಗಳು.

ಕೊನೆಗೆ ಗ್ಯಾಲಿ ಪ್ರೂಫ್ (ಅಚ್ಚಿಗೆ ಮುನ್ನ ತಿದ್ದಲು ಕೊಡುವ ಪ್ರತಿ) ಬಂತು, 48 ಗಂಟೆಯ ಗಡುವಿನೊಂದಿಗೆ. ಆ ಹಂತದಲ್ಲಿ ಹೊಸ ವಾದ ಸೇರಿಸುವಂತಿಲ್ಲ. ಅಕ್ಷರದೋಷ, ಹೆಸರು, ಕೋಷ್ಟಕ ಮಾತ್ರ. ಪುಣೆಯ ಕೋಥರೂಡಿನ ಮನೆಯಲ್ಲಿ ರಾತ್ರಿ ಒಬ್ಬರು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಬೆರಳಿಟ್ಟು ನೋಡುತ್ತ ಊರ ಹೆಸರುಗಳನ್ನೆಲ್ಲ ತಾಳೆ ಹಾಕಿದ ಇಬ್ಬರು ಗೆಳತಿಯರಿಗೆ, ಮತ್ತೆ ಮತ್ತೆ ಚಹಾ ಮಾಡಿಕೊಟ್ಟ ಅವರ ಅಮ್ಮನಿಗೆ, ನಮ್ಮೆಲ್ಲರ ಧನ್ಯವಾದಗಳು.